ನಳಿನಾಕ್ಷಿಗೆ ಬಡಿಸಿದ ಕೋಣೆ

ಕಾಪು
28 ಮೇ 2024

…ಹಾಗಲ್ಲ ಮಗಾ, ಬೇಡ ಅಂತ ನಾನು ಹೇಳಲಿಲ್ಲ. ನಿನ್ನೆ ನೀನು ಫೋನಿನಲ್ಲಿ "ಬೇಡವಾದರೆ ಬೇಡ ಅನ್ನಿ ಅಪ್ಪ" ಅಂದೆ. ನಾನು "ನೋಡುವ" ಅಂದೆ. ಅಷ್ಟರಲ್ಲಿ ನಿನ್ನ ಕಡೆ ಗಾಳಿ ಎದ್ದಿತು, ನನ್ನ ಕಡೆ ನಿನ್ನ ಚಿಕ್ಕಮ್ಮ ಮಿಕ್ಸಿ ಹಾಕಿದಳು. ನಾರ್ವೆಯ ಗಾಳಿಗೂ ಹರಿಣಾಕ್ಷಿಯ ಮಿಕ್ಸಿಗೂ ನಡುವೆ ಸಿಕ್ಕಿ ನನ್ನ ಮಾತು ಚಟ್ನಿಯಾಯಿತು. ಅದಕ್ಕೇ ಈ ಕಾಗದ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮಲ್ಪೆಯ ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೂತು 'ವಿತ್ ರೆಫರೆನ್ಸ್ ಟು ದ ಅಬೋವ್' ಅಂತ ಬರೆದು ಬರೆದು ಸವೆದ ಕೈ ಇದು, ಬಾಯಿಗಿಂತ ಇದಕ್ಕೇ ಧೈರ್ಯ ಹೆಚ್ಚು.

ಆದುದರಿಂದ, ವಿತ್ ರೆಫರೆನ್ಸ್ ಟು ದ ಅಬೋವ್, ನೀನು ಕೇಳಿದ್ದು ಇಷ್ಟು. ಈ ಮಳೆಗಾಲಕ್ಕೆ, ಆಟಿ ತಿಂಗಳಲ್ಲಿ, ಊರಿಗೆ ಬರುತ್ತೀ. ನಿನ್ನಮ್ಮ ಹೋದ ಮೇಲೆ ಇದು ಮೊದಲ ಆಟಿ. ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವಾಗ ಈ ಸಲ ಅವಳಿಗೂ ಒಂದು ಎಲೆ. ಬಡಿಸಿ, ನಾವೆಲ್ಲ ಹೊರಗೆ ಬಂದು, ಅವರು ಉಂಡು ಏಳಲಿ ಅಂತ ಬಾಗಿಲು ಮುಚ್ಚಿ ಕೂತಿರುತ್ತೇವಲ್ಲ, ಆ ಹೊತ್ತಿನಲ್ಲಿ ಒಳಗೆ ನಿನ್ನ ಕ್ಯಾಮರಾ ಇರಬೇಕು, ಅದು ತನ್ನಷ್ಟಕ್ಕೆ ಫೋಟೋ ತೆಗೆಯಬೇಕು. ಇಷ್ಟೇ ಅಲ್ವಾ?

'ಇಷ್ಟೇ' ಅಂತ ಬರೆದ ಮೇಲೆ ಪೆನ್ನು ಕೆಳಗಿಟ್ಟು ಒಂದು ಚಾ ಕುಡಿದು ಬಂದೆ.

ನಿನಗೆ ಗೊತ್ತುಂಟು, ಈ ಮನೆಗೆ ನಾನು ಬಂದವ. ತಾಯಿಯಿಂದ ಮಗಳಿಗೆ ಇಳಿಯುವ ಮನೆ ಇದು. ನಿನ್ನಮ್ಮ ಹೋದ ಮೇಲೆ ನಾನು ಪೆಟ್ಟಿಗೆ ಕಟ್ಟಲಿಕ್ಕೆ ಹೊರಟಾಗ ಹರಿಣಾಕ್ಷಿ, "ಬಾವ, ನೀವು ಎಲ್ಲಿಗೆ ಹೋಗುದು? ಸುಮ್ಮನೆ ಕೂತ್ಕೊಳ್ಳಿ" ಅಂದಳು. ಕೂತೆ. ಆದರೆ ಬಡಿಸುವ ವಿಷಯದಲ್ಲಿ ಮಾತು ನಿನ್ನ ಸೋದರಮಾವ ಧರ್ಮಪಾಲ ಬಾವನದ್ದು. ನಾನು ಎಲೆ ಒರೆಸಿ ಕೊಡುವವ.

ಅವರನ್ನು ಕೇಳುತ್ತೇನೆ. ಕೇಳುವ ಮೊದಲು ನನ್ನದೊಂದು ಹೇಳಿಬಿಡುತ್ತೇನೆ. ಇಷ್ಟು ವರ್ಷ ಆ ಬಾಗಿಲಿನ ಹೊರಗೆ ಕೂತಾಗ ನಾನು ಮನಸ್ಸಿನಲ್ಲಿ ಐಸ್ ಬ್ಲಾಕ್ ಎಣಿಸುತ್ತಿದ್ದೆ. ಒಳಗೆ ಉಣ್ಣುವವರು ನಿನ್ನಮ್ಮನ ಅಜ್ಜಿ, ಅವಳ ಮಾವಂದಿರು. ನನಗೆ ಅವರ ಪರಿಚಯ ಇಲ್ಲ. ಈ ವರ್ಷ ಹಾಗಲ್ಲ. ಈ ವರ್ಷ ಆ ಬಾಗಿಲು ಮುಚ್ಚುವ ಹೊತ್ತಿಗೆ ನಾನು ಈಗಿನಿಂದಲೇ ಕಾಯುತ್ತಾ ಇದ್ದೇನೆ. ಬಾಗಿಲಿನ ಆಚೆ ಅವಳು ಉಂಟು ಅಂತ ನಂಬಲಿಕ್ಕೆ ಆಗ ಯಾರೂ ನನ್ನ ಹತ್ತಿರ ಪ್ರೂಫ್ ಕೇಳುವುದಿಲ್ಲ. ನಿನ್ನ ಫೋಟೋದಲ್ಲಿ ಬರೇ ಕೋಣೆ ಬಂದರೆ? ಆರಿದ ಅನ್ನ, ನೊಣ, ಗೋಡೆ?

ಕಾಲೇಜಿನಲ್ಲಿ ಇಮ್ಯಾನುಯೆಲ್ ಮಾಸ್ಟ್ರು ಒಂದು ಗಾದೆ ಕಲಿಸಿದ್ದರು, ಸೀಯಿಂಗ್ ಈಸ್ ಬಿಲೀವಿಂಗ್. ಅಥವಾ ಬಿಲೀವಿಂಗ್ ಈಸ್ ಸೀಯಿಂಗೋ, ಈಗ ಸರಿ ನೆನಪಿಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಬರೆದು ಬಂದಿದ್ದೆ.

ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ಅಪ್ಪ,
ಭುಜಂಗ


ವಾರ್ಡೊ, ನಾರ್ವೆ
14 ಜೂನ್ 2024

ಅಪ್ಪ,

ನಿಮ್ಮ ಕಾಗದ ಬಂತು. ನೀವು ಕಾಗದ ಬರೆದರೆ ನಾನೂ ಕಾಗದವೇ ಬರೆಯುತ್ತೇನೆ, ಸರಿಯಾ? ಇಲ್ಲಿ ಈಗ ಬೆಳಕು ಹೋಗುವುದೇ ಇಲ್ಲ. ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತೇವೆ.

ನಾನು ಯಾಕೆ ಕೇಳಿದೆ ಅಂತ ಫೋನಿನಲ್ಲಿ ಹೇಳಲಿಕ್ಕೆ ಆಗಲಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಮೀನಿನ ಫ್ಯಾಕ್ಟರಿಯ ಕೆಲಸದವರ ಮುಖಗಳನ್ನು ತೆಗೆಯುತ್ತಿದ್ದೆ. ಯಾರಿಗೂ ಇಷ್ಟವಾಗುತ್ತಿರಲಿಲ್ಲ. ಒಲಿಂಡಾ ಅಂತ ಪೋರ್ಚುಗಲ್‌ನಿಂದ ಬಂದ ಹೆಂಗಸು, ಇಡೀ ದಿನ ಮೀನಿನ ತಲೆ ಕತ್ತರಿಸುವ ಕೆಲಸ. ಅವಳು ಒಂದು ದಿನ ನನ್ನನ್ನು ಬೈದಳು: "ನಿನ್ನ ಫೋಟೋದಲ್ಲಿ ನಾನು ಪಾಪದವಳ ಹಾಗೆ ಕಾಣುತ್ತೇನೆ. ನಾನು ಪಾಪದವಳಲ್ಲ, ನನಗೆ ಸುಸ್ತಾಗಿದೆ ಅಷ್ಟೆ. ಬೇಕಾದರೆ ನನ್ನ ಕೋಣೆ ತೆಗಿ. ಏನನ್ನೂ ಮುಟ್ಟಬೇಡ." ಕೀ ಕೊಟ್ಟು ಕೆಲಸಕ್ಕೆ ಹೋದಳು. ಹಾಸಿಗೆ, ಒದ್ದೆ ಟವೆಲ್, ಕಿಟಕಿಯಲ್ಲಿ ಅರ್ಧ ತಿಂದ ಕಿತ್ತಳೆ. ಫೋಟೋ ತೋರಿಸಿದಾಗ ತುಂಬ ಹೊತ್ತು ನೋಡಿ, "ಹಾಂ, ಇದು ನಾನು" ಅಂದಳು. ಅಂದಿನಿಂದ ನನ್ನ ಕೆಲಸವೇ ಅದಾಯಿತು. ಜನ ಕೀ ಕೊಟ್ಟು ಹೋಗುತ್ತಾರೆ. ಅವರಿಲ್ಲದ ಕೋಣೆಯಲ್ಲಿ ನಾನು ಅವರ ಫೋಟೋ ತೆಗೆಯುತ್ತೇನೆ. ಒಂದು ಲೋಟವನ್ನೂ ಸರಿಸುವುದಿಲ್ಲ. ಈ ಚಳಿಗಾಲದಲ್ಲಿ ಅವುಗಳ ಪ್ರದರ್ಶನ. ಕೊನೆಯದಾಗಿ ಅಮ್ಮನ ಕೋಣೆ ಇರಬೇಕು ಅಂತ ನನ್ನ ಆಸೆ.

ನಿಮಗೆ ಗೊತ್ತಲ್ಲ, ಅಮ್ಮ ನನಗೆ ಒಂದು ಫೋಟೋವನ್ನೂ ಕೊಡಲಿಲ್ಲ. ಕಟಪಾಡಿ ಮಾರ್ಕೆಟ್‌ನಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತಾಗ ಕ್ಯಾಮರಾ ಎತ್ತಿದರೆ ಸೆರಗಿನಿಂದ ಮುಖ ಮುಚ್ಚಿ, "ಬಂಗುಡೆಯದ್ದು ತೆಗಿ, ಅದಕ್ಕೆ ನಾಚಿಕೆ ಇಲ್ಲ" ಅನ್ನುತ್ತಿದ್ದಳು. ನನ್ನ ಹತ್ತಿರ ಇರುವುದು ಅವಳ ಬೆನ್ನು, ಅವಳ ಕೈ, ತುಂಬ ಬಂಗುಡೆ.

ನವೆಂಬರಿನಲ್ಲಿ ನಾನು ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ನೀವು ಮಣಿಪಾಲದ ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲೇ ಇದ್ದಿರಿ. ನಾನು ನೋಡಿದ್ದು ಬೂದಿ. ನಿಮಗೆ ನೋಡದೆ ನಂಬಲಿಕ್ಕೆ ಆಗುತ್ತದೆ ಅಪ್ಪ, ಯಾಕೆಂದರೆ ನೀವು ನೋಡಿ ಆಗಿದೆ.

ಮಾವನ ಹತ್ತಿರ ಕೇಳಿ ನೋಡಿ.

ನಿಮ್ಮ
ನಿಖಿತಾ


ಕಾಪು
3 ಜುಲೈ 2024

ಮಗಾ ನಿಖಿತಾ,

ನಿನ್ನ ಕಾಗದದ 'ನೀವು ನೋಡಿ ಆಗಿದೆ' ಅನ್ನುವ ಸಾಲನ್ನು ಓದಿ, ಕಾಗದ ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಕಾರ್ಕಳಕ್ಕೆ ಹೋದೆ. ಗೋಡೆಯ ಫೋಟೋದ ಗಾಜಿನ ಒಳಗೆ ಮಳೆಯ ಪಸೆ ಹೋಗಿ ನಿನ್ನಮ್ಮನ ಗಲ್ಲದ ಹತ್ತಿರ ಬೂಸ್ಟು ಬಂದಿತ್ತು. ಪ್ಯಾಟ್ರಿಕ್ ನನ್ನ ಕ್ಲಾಸ್‌ಮೇಟ್ ಅಲ್ವಾ, ಅಲ್ಲಿಯ ಅವನ ಸ್ಟುಡಿಯೋದಲ್ಲೇ ಆದದ್ದು ಆ ಫೋಟೋ. ನಿನಗೆ ಒಂದು ಹೇಳಿರಲಿಲ್ಲ. ಅವಳು ಹೋದಾಗ ಗೋಡೆಗೆ ಹಾಕಲಿಕ್ಕೆ ಮನೆಯಲ್ಲಿ ಒಂದೇ ಒಂದು ಮುಖ ಇರಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ ಹರಿಣಾಕ್ಷಿಯ ಹಿಂದೆ ಅಡಗಿ ನಿಂತಿದ್ದವಳನ್ನು ಪ್ಯಾಟ್ರಿಕ್ ಎಳೆದು ತೆಗೆದ. ಎಡಗಿವಿ ಸಿಗಲಿಲ್ಲ. ಹರಿಣಾಕ್ಷಿಯದ್ದನ್ನೇ ತೆಗೆದು ಅಂಟಿಸಿದ. ಬೆಂಡೋಲೆ ಸಹ ಹರಿಣಾಕ್ಷಿಯದ್ದೇ. ಇಷ್ಟು ತಿಂಗಳಿಂದ ನಾವು ದೀಪ ಹಚ್ಚುವುದು ಇಬ್ಬರಿಗೂ ಸೇರಿಸಿ.

ಈ ಸಲ ಪ್ಯಾಟ್ರಿಕ್ ಗಾಜು ಒರೆಸುತ್ತಾ ಹೇಳಿದ, "ಭುಜಂಗಾ, ನಿನ್ನ ಹೆಂಡತಿ ಕ್ಯಾಮರಾ ಕಂಡರೆ ಪೊಲೀಸನ್ನು ಕಂಡ ಹಾಗೆ ಮಾಡ್ತಿದ್ದಳು ಮಾರಾಯ. ಮಗಳು ಹೇಗೆ ಈ ಲೈನಿಗೆ ಹೋದಳು?"

"ಅದಕ್ಕೇ ಹೋದದ್ದೋ ಏನೋ" ಅಂದೆ. ಬಸ್ಸಿನಲ್ಲಿ ಬರುವಾಗ ಅದೇ ಮಾತು ಯೋಚನೆಯಾಗಿ ಕೂತಿತು.

ಧರ್ಮಪಾಲ ಬಾವ ಚಾವಡಿಯಲ್ಲಿ ಬಲೆ ಹೊಲಿಯುತ್ತಿದ್ದರು. ದೋಣಿಗೆ ಹೋಗುವುದು ಬಿಟ್ಟರೂ ಕೈ ಬಿಟ್ಟಿಲ್ಲ. ನಾನು ಪೂರ್ತಿ ಹೇಳಿದೆ, ನಿನ್ನ ಒಲಿಂಡಾಳ ಕಥೆಯನ್ನೂ ಹೇಳಿದೆ. ಅವರು ಬಾಯಲ್ಲಿದ್ದ ವೀಳ್ಯ ಉಗುಳಿ ಬಂದು ಕೂತರು.

"ಫೋಟೋಕ್ಕೆ ನನ್ನದು ಎಂತ ಅಡ್ಡಿ ಬಾವ? ಮದುವೆಯಲ್ಲಿ ತೆಗೀತಾರೆ, ಸತ್ತವರ ಬೊಜ್ಜದಲ್ಲಿ ತೆಗೀತಾರೆ."

"ಹಾಗಾದ್ರೆ ಇಡಬಹುದಾ?"

"ಇಡ್ಲಿ. ಆದ್ರೆ ನಳಿನಿ ಬರ್ಲಿಕ್ಕಿಲ್ಲ."

"ಯಾಕೆ?"

"ಯಾಕೆ ಅಂತ ನನ್ನನ್ನು ಕೇಳ್ತೀರಾ? ಬದುಕಿರುವಾಗ ಕ್ಯಾಮರಾ ಕಂಡ್ರೆ ಬಚ್ಚಲಿಗೆ ಓಡ್ತಿದ್ದವಳು. ಸತ್ತ ಮೇಲೆ ಧೈರ್ಯ ಬರ್ತದಾ? ಮೂಲೆಯಲ್ಲಿ ಆ ಗಾಜಿನ ಕಣ್ಣು ಕಂಡ್ರೆ ಎಲೆಯ ಹತ್ತಿರವೇ ಸುಳಿಯುದಿಲ್ಲ. ಮೊದಲ ಆಟಿಯಲ್ಲಿ ಉಣ್ಣದೆ ಹೋದ್ರೆ ಬರುವ ಆಟಿಯವರೆಗೆ ಹಸಿವು. ಮಗಳಿಗೆ ಬರೆಯಿರಿ, ಫೋಟೋ ಬೇಕಾ, ಅಮ್ಮ ಉಣ್ಣುದು ಬೇಕಾ ಅಂತ."

ಒಳಗಿನಿಂದ ಹರಿಣಾಕ್ಷಿ: "ಅಣ್ಣ ಹೇಳುದು ಸರಿ! ಅಕ್ಕನಿಗೆ ಹಸಿವು ತಡೀಲಿಕ್ಕೆ ಆಗುದಿಲ್ಲ. ಮೀನು ಮಾರಿ ಬಂದ ಕೂಡ್ಲೆ ಕೈ ಸಹ ಸರಿ ತೊಳೀದೆ ಗಂಜಿಗೆ ಕೂತ್ಕೊಳ್ತಿದ್ದದ್ದು!"

"ನೀನು ಆಚೆ ಇರು. ನಿನ್ನ ಹೊಟ್ಟೆ ಎಂತ ಕಮ್ಮಿಯದ್ದಾ?" ಅಂದರು ಅಣ್ಣ.

ನನಗೆ ನಗು ಬಂತು. ಆಮೇಲೆ ಸಮುದ್ರದ ಹತ್ತಿರ ಹೋಗಿ ನಿಂತೆ. ಪಡುಬಿದ್ರಿ ಕಡೆ ಪವರ್ ಪ್ಲಾಂಟಿನ ಚಿಮಿಣಿಯ ಕೆಂಪು ದೀಪ ಹೊತ್ತಿ ಆರಿ ಹೊತ್ತಿ ಆರಿ ಮಾಡುತ್ತಿತ್ತು. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳಿಗೆ ಹಸಿವಾಗಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ ಮಗಾ. ನಾನು ನನ್ನ ನಂಬಿಕೆಯ ಯೋಚನೆಯಲ್ಲಿದ್ದೆ, ನೀನು ನಿನ್ನ ಫೋಟೋದ ಯೋಚನೆಯಲ್ಲಿ. ಅವಳ ಹೊಟ್ಟೆಯ ಯೋಚನೆ ಮಾಡಿದ್ದು ಅವಳ ಅಣ್ಣ ಒಬ್ಬರೇ.

ಬೇಡ ಅಂತ ಈಗಲೂ ನಾನು ಹೇಳುವುದಿಲ್ಲ. ನೀನು ಈ ಮನೆಯ ಹೆಣ್ಣು, ತೀರ್ಮಾನ ನಿನ್ನದು. ಬಾ.

ನಿನ್ನ ಅಪ್ಪ,
ಭುಜಂಗ


ಕಾಪು
29 ಆಗಸ್ಟ್ 2024

ನಿಖಿತಾ,

ನೀನು ಬಂದು ಹೋದ ಮೇಲೆ ನಾವು ಫೋನಿನಲ್ಲಿ ಆಡಿದ್ದು ಎಂತ? ಊಟ ಆಯ್ತಾ, ಮಳೆ ಉಂಟಾ, ಅಲ್ಲಿ ಚಳಿ ಶುರುವಾಯ್ತಾ. ಐಸ್ ಪ್ಲಾಂಟಿನ ಪತ್ರಗಳೂ ಇದಕ್ಕಿಂತ ಬೆಚ್ಚಗಿರುತ್ತಿದ್ದವು.

ಬರೆಯಬಾರದು ಅಂತ ಇದ್ದೆ. ಆದರೆ ನಿನ್ನೆ ಹರಿಣಾಕ್ಷಿ ಕಟಪಾಡಿಯಿಂದ ಬಂದಳು. ಆಟಿಯ ಸಂಜೆಯದ್ದನ್ನು ಮಾರ್ಕೆಟ್‌ನಲ್ಲಿ ಮೀನು ಮಾರುವ ಮೇಬಲ್ ಬಾಯಿಯವರಿಗೂ ಹೇಳಿದಳಂತೆ, ಅವರು ಸಹ ಕಣ್ಣೀರು ಹಾಕಿದರಂತೆ. ಊರಿಗೆಲ್ಲ ಹೇಳಿ ಆಯಿತು. ಇನ್ನು ನನ್ನ ಹೊಟ್ಟೆಯಲ್ಲಿ ಇದು ನಿಲ್ಲುವುದಿಲ್ಲ.

ಆ ಸಂಜೆ ಕೋರಿ ರೊಟ್ಟಿ, ಒಣ ಸಿಗಡಿ ಚಟ್ನಿ ಎಲ್ಲ ಬಡಿಸಿ ಆದ ಮೇಲೆ ಕೊನೆಗೆ ಒಳಗೆ ಹೋದವಳು ನೀನು, ಅಮ್ಮನ ವೀಳ್ಯದ ಡಬ್ಬಿಯನ್ನು ಎಲೆಯ ಪಕ್ಕದಲ್ಲಿ ತೆರೆದಿಡಲಿಕ್ಕೆ. ಹೊರಗೆ ಬರುವಾಗ ನಿನ್ನ ಕೈ ಖಾಲಿ ಇತ್ತು. ಊರಿಗೆ ಬಂದಂದಿನಿಂದ ನಿನ್ನ ಕ್ಯಾಮರಾವನ್ನು ನಾನು ಕಂಡಿರಲಿಲ್ಲ, ಇಡುತ್ತೀಯಾ ಇಲ್ಲವಾ ಅಂತ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾವ ಬಾಗಿಲು ಎಳೆದರು. ನಾನು ಬಾಗಿಲಿಗೆ ಒರಗಿ ಕೂತೆ. ನೀನು ಗೋಡೆಯ ಹತ್ತಿರ. ಮಳೆ ಒಂದು ಗಳಿಗೆ ನಿಂತಿತ್ತು, ಮಾಡಿನಿಂದ ನೀರು ಇಳಿಯುವ ಶಬ್ದ ಸಹ ಇರಲಿಲ್ಲ.

ಆಗ ಒಳಗಿನಿಂದ ಟಕ್ ಅಂತ ಒಂದೇ ಒಂದು ಸಲ.

ಹರಿಣಾಕ್ಷಿ ನನ್ನ ತೋಳು ಹಿಡಿದು "ಅಕ್ಕ ಬತ್ತೆರ್" ಅಂದಳು. ಅಕ್ಕ ಬಂದರು, ಉಂಡರು, ವೀಳ್ಯ ಹಾಕಿ ಡಬ್ಬಿ ಮುಚ್ಚಿದರು ಅಂತ ಅವಳ ಲೆಕ್ಕ. ಬಾವ ಹೆಗಲಿನ ಬೈರಾಸು ತೆಗೆದು ಮುಖ ಮುಚ್ಚಿಕೊಂಡರು. ಆ ಮನುಷ್ಯ ಅಳುವುದನ್ನು ನಾನು ಸ್ಮಶಾನದಲ್ಲಿ ಸಹ ನೋಡಿರಲಿಲ್ಲ. ಬಾಗಿಲು ತೆರೆದಾಗ ಡಬ್ಬಿಯ ಮುಚ್ಚಳ ಮುಚ್ಚಿತ್ತು ಅಂತ ಹರಿಣಾಕ್ಷಿ ಹೇಳುತ್ತಾಳೆ. ಬಾವ ಅರ್ಧ ಮುಚ್ಚಿತ್ತು ಅನ್ನುತ್ತಾರೆ. ನಾನು ಡಬ್ಬಿಯನ್ನು ನೋಡಲಿಲ್ಲ. ಕಪಾಟಿನ ಮೇಲೆ, ಕಿಟಕಿಯಲ್ಲಿ, ನಿನ್ನ ಕ್ಯಾಮರಾ ಎಲ್ಲಿ ಉಂಟು ಅಂತ ಹುಡುಕುತ್ತಿದ್ದೆ. ಕಾಣಲಿಲ್ಲ, ಅಡಗಿಸಿ ಇಟ್ಟಿದ್ದೀ ಅಂತ ತಿಳಿದೆ. ಯಾಕೆಂದರೆ ಟಕ್ ಅಂದ ಕೂಡಲೆ ನಾನು ನಿನ್ನನ್ನು ನೋಡಿದ್ದೆ, ನೀನು ತಲೆ ತಗ್ಗಿಸಿದೆ. ನನಗೆ ಅಷ್ಟು ಸಾಕಾಯಿತು. ನಿನ್ನನ್ನು ನೆಲಕ್ಕೆ ಬಿದ್ದ ದಿನದಿಂದ ಬಲ್ಲೆ.

ಬೈಯುವುದಿಲ್ಲ. ತೀರ್ಮಾನ ನಿನ್ನದು ಅಂತ ಬರೆದವ ನಾನೇ. ಆದರೆ ನೋಡು, ಈಗ ಈ ಮನೆಯಲ್ಲಿ ಎಲ್ಲರಿಗೂ ಅವಳು ಬಂದು ಹೋಗಿದ್ದಾಳೆ. ಹರಿಣಾಕ್ಷಿ ಅಡಿಗೆ ಮಾಡುತ್ತಾ ಪದ ಹೇಳುತ್ತಾಳೆ. ಬಾವ ನೆಮ್ಮದಿಯಲ್ಲಿ ನಿದ್ದೆ ಮಾಡುತ್ತಾರೆ. ನನಗೆ ಮಾತ್ರ ಆ ಬಾಗಿಲಿನ ಆಚೆಯಿಂದ ಬಂದದ್ದು ಒಂದು ಮೆಷಿನ್. ಇಷ್ಟು ತಿಂಗಳು ಕಾದದ್ದು ನಾನು, ಅವಳ ಗಂಡ. ಎಲ್ಲರ ನಡುವೆ ನಕ್ಕೆ, "ಹೌದು ಹೌದು, ನನಗೂ ಕೇಳಿತು" ಅಂದೆ. ಅವಳು ಆ ಕಣ್ಣು ಕಂಡು ಉಣ್ಣದೆ ತಿರುಗಿ ಹೋದಳು ಅನ್ನುವುದು ನನಗೊಬ್ಬನಿಗೇ ಗೊತ್ತು. ಊಟಕ್ಕೆ ಕೂತರೆ ಅದೇ ನೆನಪಾಗುತ್ತದೆ.

ಆ ಫೋಟೋ ನನಗೆ ಕಳಿಸಬೇಡ. ನಿನ್ನ ಪ್ರದರ್ಶನದಲ್ಲಿ ಹಾಕುವುದಾದರೆ ಇವರಿಗೆ ತಿಳಿಯದ ಹಾಗೆ ಹಾಕು.

ಭುಜಂಗ


ವಾರ್ಡೊ
19 ಸೆಪ್ಟೆಂಬರ್ 2024

ಅಪ್ಪ,

ನಿಮ್ಮ ಕಾಗದ ಓದಿ ಫೋನು ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ. ಇದನ್ನು ಬರೆದೇ ಹೇಳಬೇಕು.

ನಾನು ಕ್ಯಾಮರಾ ಇಡಲಿಲ್ಲ.

ಅದು ಮನೆಗೇ ಬರಲಿಲ್ಲ ಅಪ್ಪ. ಬರುವ ದಾರಿಯಲ್ಲಿ ಮಣಿಪಾಲದಲ್ಲಿ ಚೈತನ್ಯಾಳ ಮನೆಯಲ್ಲಿ ಬಿಟ್ಟು ಬಂದೆ. ನನ್ನ ಜೊತೆ ಓದಿದವಳು, ನಿಮಗೆ ಗೊತ್ತು, ಬೇಕಾದರೆ ಕೇಳಿ. ಹತ್ತಿರ ಇದ್ದರೆ ಇಟ್ಟೇಬಿಡುತ್ತಿದ್ದೆ, ಅದಕ್ಕೆ. ಮಾವ ಹೇಳಿದ್ದು ಸರಿ ಅನಿಸಿತ್ತು. ಒಲಿಂಡಾ ತಾನಾಗಿ ಕೀ ಕೊಟ್ಟಳು. ಅಮ್ಮ ಕೊಟ್ಟಿಲ್ಲ. ನಿಮಗೆ ಹೇಳಬೇಕಿತ್ತು. ಬಂದ ದಿನ ನೀವು ಏನೂ ಕೇಳಲಿಲ್ಲ, ಹೇಳಿದರೆ ನಾನು ಅತ್ತುಬಿಡುತ್ತಿದ್ದೆ, ಹಾಗೇ ಉಳಿಯಿತು.

ತಲೆ ತಗ್ಗಿಸಿದ್ದು ಯಾಕೆ ಅಂತ ಹೇಳುತ್ತೇನೆ. ನೀವು ಬಾಗಿಲಿಗೆ ಒರಗಿ ಕೂತಿದ್ದಿರಿ. ನಿಮ್ಮ ಬಲಗೈ ಬೆನ್ನ ಹಿಂದೆ ಇತ್ತು. ಶಬ್ದ ಬಂದ ಕೂಡಲೆ ನೀವು ನನ್ನನ್ನೇ ನೋಡಿದಿರಿ, ಹೇಳಬೇಡ ಅನ್ನುವ ಹಾಗೆ. ಚಿಕ್ಕಮ್ಮನಿಗಾಗಿ, ಮಾವನಿಗಾಗಿ ಬಾಗಿಲಿಗೆ ಬೆರಳಿನಿಂದ ತಟ್ಟಿದ್ದು ನೀವು ಅಂತ ತಿಳಿದುಕೊಂಡೆ. ನನ್ನ ಅಪ್ಪ ಎಷ್ಟು ಒಳ್ಳೆಯವರು ಅನಿಸಿತು. ಅಷ್ಟೇ ಹೊಟ್ಟೆಕಿಚ್ಚೂ ಆಯಿತು, ಅವರೆಲ್ಲ ಅಮ್ಮ ಬಂದಳು ಅಂತ ಅಳುವಾಗ ನನಗೆ ಮಾತ್ರ ಅದು ನಿಮ್ಮ ಬೆರಳು. ಆಮೇಲೆ ಫೋನಿನಲ್ಲಿ ನಿಮ್ಮ ಹತ್ತಿರ ಮಾತಾಡಲಿಕ್ಕೆ ಆಗದ್ದು ಅದಕ್ಕೇ.

ಪ್ರದರ್ಶನದಲ್ಲಿ ಅಮ್ಮನ ಕೋಣೆ ಇಲ್ಲ. ಕೊನೆಯ ಫ್ರೇಮನ್ನು ಖಾಲಿ ಬಿಡು ಅಂತ ಇಲ್ಲಿಯವರು ಹೇಳಿದರು. ಅದು ನಾಟಕ ಅನಿಸಿತು. ಫ್ರೇಮನ್ನೇ ತೆಗೆಸಿದೆ.

ಈಗ ಒಂದು ಕೇಳುತ್ತೇನೆ, ನಿಜ ಹೇಳಿ. ಅದು ನೀವೇ ಅಲ್ವಾ ಅಪ್ಪ?

ನಿಖಿತಾ


ಕಾಪು
8 ಅಕ್ಟೋಬರ್ 2024

ಮಗಾ ನಿಖಿತಾ,

ಕಾಗದ ಬಂದು ಮೂರು ದಿನ ಆಯಿತು. ಚೈತನ್ಯಾಳನ್ನು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಒಂದು ಲೋಟವನ್ನು ಸರಿಸದವಳು ನೀನು, ನನ್ನ ಸಮಾಧಾನಕ್ಕೆ ಅಂತ ಒಂದು ಕ್ಯಾಮರಾವನ್ನು ಬರೇ ಮಾತಿನಲ್ಲಿ ಕಾಪುವಿನಿಂದ ಮಣಿಪಾಲಕ್ಕೆ ಸರಿಸುವವಳಲ್ಲ.

ಮೊದಲನೇ ದಿನ ನಾನು ಪ್ಲಾಂಟಿನ ಗುಮಾಸ್ತನ ಹಾಗೆ ಯೋಚಿಸಿದೆ. ಹಲ್ಲಿ ಇರಬಹುದು. ಇಲಿ ಇರಬಹುದು. ಮಳೆಗಾಲದಲ್ಲಿ ಉಬ್ಬಿದ ಕಪಾಟಿನ ಹಲಗೆ ದೀಪದ ಬಿಸಿಗೆ ಬಿಟ್ಟುಕೊಂಡಿರಬಹುದು. ತೆರೆದಿಟ್ಟ ಮುಚ್ಚಳ ತಾನಾಗಿ ಬಿದ್ದಿರಬಹುದು, ಹಳೇ ಡಬ್ಬಿ, ತಿರುಗಣೆ ಸಡಿಲ ಉಂಟು. ಬೆನಿಫಿಟ್ ಆಫ್ ದ ಡೌಟ್ ಅಂತ ಒಂದು ಉಂಟಲ್ಲ, ಅದನ್ನು ಯಾರಿಗೆ ಕೊಡಬೇಕು, ಕಳ್ಳನಿಗೋ ಪೊಲೀಸನಿಗೋ, ನನಗೆ ಮರೆತಿದೆ.

ಎರಡನೇ ದಿನ ಡಬ್ಬಿ ತೆಗೆದುಕೊಂಡು ಅವಳಿಗೆ ಬಡಿಸಿದ ಈ ಕೋಣೆಗೆ ಬಂದೆ. ತೆರೆದೆ, ಮುಚ್ಚಿದೆ. ಮೆಲ್ಲಗೆ ಮುಚ್ಚಿದೆ, ಜೋರಾಗಿ ಮುಚ್ಚಿದೆ. ಒಮ್ಮೆ ಅದೇ ಶಬ್ದ ಅನಿಸುತ್ತದೆ, ಮತ್ತೊಮ್ಮೆ ಅಲ್ಲವೇ ಅಲ್ಲ. ಹರಿಣಾಕ್ಷಿ ಬಾಗಿಲಲ್ಲಿ ನಿಂತು, "ಎಂತ ಬಾವ, ಈ ಪ್ರಾಯದಲ್ಲಿ ಡಬ್ಬಿಯಲ್ಲಿ ಆಟ?" ಅಂದಳು.

"ಶಬ್ದ ನೋಡ್ತಾ ಇದ್ದೇನೆ" ಅಂದೆ.

"ನಿಮಗೆ ಅಂದು ಕೇಳಿದ್ದಲ್ವಾ? ಮತ್ತೆ ಎಂತ ನೋಡುದು?"

ಕೇಳಿತ್ತು. ಅದೇ ಮಗಾ ನನ್ನನ್ನು ಕೊಲ್ಲುವುದು. ಕೇಳಿತ್ತು, ಎಲ್ಲರಿಗಿಂತ ಹತ್ತಿರದಿಂದ ಕೇಳಿತ್ತು, ನನ್ನ ಬೆನ್ನಿಗೇ ಕೇಳಿತ್ತು. ಅವಳು ಒಳಗೆ ಉಂಡು ಏಳುತ್ತಿದ್ದರೆ ನಾನು ಹೊರಗೆ ಅವಳ ಮಗಳ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ಬಾಗಿಲು ತೆರೆದ ಕೂಡಲೆ ನಾನು ಹುಡುಕಿದ್ದು ಮೆಷಿನನ್ನು. ನೀನೂ ಹಾಗೇ, ನನ್ನ ಬೆರಳನ್ನು ನೋಡುತ್ತಾ ಕೂತೆ. ಅವಳು ಬಂದದ್ದೇ ಆದರೆ, ಈ ಮನೆಯಲ್ಲಿ ಅವಳನ್ನು ಕಾಣದೆ ಹೋದವರು ನಾವಿಬ್ಬರೇ, ಅವಳ ಗಂಡ ಮತ್ತು ಅವಳ ಮಗಳು. ಉಳಿದವರು ಎಷ್ಟು ಸಲೀಸಾಗಿ ಅತ್ತುಬಿಟ್ಟರು!

ನೀನು ಕೇಳಿದ್ದಕ್ಕೆ ಉತ್ತರ ಬರೆಯಲಿಕ್ಕೆ ಮೂರು ದಿನ ಬೇಕಾದದ್ದು, ಹೌದು ಅಂತ ಬರೆದರೆ ಹೇಗೆ ಅಂತ ಸಹ ಯೋಚಿಸಿದೆ, ಅದಕ್ಕೆ. ಹೌದು ಅಂದರೆ ನೀನು ಆರಾಮ, ಅಪ್ಪನೇ ತಟ್ಟಿದ್ದು ಅಂತ ಮುಗಿಯಿತು. ಇಲ್ಲ ಅಂದರೆ ಅಷ್ಟು ದೂರದಲ್ಲಿ, ಚಳಿಗಾಲಕ್ಕೆ ಕತ್ತಲಾಗುವ ಆ ಊರಿನಲ್ಲಿ, ನೀನೊಬ್ಬಳೇ ಇದನ್ನು ಇಟ್ಟುಕೊಂಡು ಎಂತ ಮಾಡುತ್ತೀ?

ನಾನಲ್ಲ ಮಗಾ.

ಕೈ ಹಿಂದೆ ಇದ್ದದ್ದು ಹೌದು. ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದೆ, ಅಷ್ಟೇ. ತಟ್ಟಲಿಕ್ಕಲ್ಲ. ಆಸ್ಪತ್ರೆಯಲ್ಲಿ ಅವಳ ಬೆನ್ನಿಗೆ ಹಾಗೆ ಕೈ ಇಟ್ಟುಕೊಂಡಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು.

ಇದನ್ನು ನಾನು ಆ ಕೋಣೆಯಲ್ಲೇ ಕೂತು ಬರೆಯುತ್ತಾ ಇದ್ದೇನೆ, ಕಿಟಕಿಯ ಹತ್ತಿರ, ನೆಲದ ಮೇಲೆ, ಅಂದು ಎಲೆ ಹಾಕಿದ್ದ ಕಡೆಗೆ ಮುಖ ಮಾಡಿ. ಈಗ ಸ್ವಲ್ಪ ಮೊದಲು ಹರಿಣಾಕ್ಷಿ ಬಂದು ಸೊಳ್ಳೆ ಬರುತ್ತದೆ ಅಂತ ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದಳು. ಹೊರಗೆ ಅವರ ಮಾತು ಕೇಳುತ್ತಾ ಉಂಟು, ಬಾವ ಏನೋ ಹೇಳುವುದು, ಅವಳು ನಗುವುದು. ಇಲ್ಲಿಂದ ಅವರು ತುಂಬ ದೂರದಲ್ಲಿ ಇರುವವರ ಹಾಗೆ ಕೇಳುತ್ತದೆ. ಕರೆದರೆ ಅವರಿಗೆ ನನ್ನ ಮಾತು ಕೇಳಬಹುದಾ, ಅಂದಿನ ಹಾಗೆ ಬರೇ ಒಂದು ಟಕ್ ಕೇಳಬಹುದಾ ಅಂತ ಯೋಚಿಸುತ್ತಿದ್ದೇನೆ. ಕರೆಯುವುದಿಲ್ಲ.

ಮೇಲಿನ ಸಾಲು ಓದಲಿಕ್ಕೆ ಆಗಲಿಲ್ಲ. ಆಗ ಕಿಟಕಿ ನೋಡಿದೆ. ಬೆಳಕು ಹೋಗುತ್ತಾ ಉಂಟು.

ನಿನ್ನ ಅಪ್ಪ